ನೀಲಿ ಗೇಟಿನ ಹಾಡು

ತೊರಪಲ್ಲಿ ಅಗ್ರಹಾರ
9 ಫೆಬ್ರವರಿ 2025, ಭಾನುವಾರ

ವನಿತಕ್ಕನಿಗೆ,

ಕಾಗದ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಅಜ್ಜಿ ಬೆಳಗ್ಗೆಯಿಂದ ನನ್ನನ್ನು ಮೂರು ಸಲ ಬೈದಿದ್ದಾಳೆ, ಅಂದರೆ ಅವಳೂ ಚೆನ್ನಾಗಿದ್ದಾಳೆ. ಫೋನು ಬಿಟ್ಟು ಪೆನ್ನು ಹಿಡಿದದ್ದಕ್ಕೆ ಬೇರೆ ಕಾರಣವಿದೆ.

ಇವತ್ತು ನಮ್ಮ ಭಾನುವಾರದ ಕೂಟಕ್ಕೆ ಬಂದವರು ಹನ್ನೊಂದೇ ಜನ. ನೀನು ಕೃಷ್ಣಗಿರಿಗೆ ಕೆಲಸಕ್ಕೆ ಹೋಗುವ ಮುಂಚೆ ಆ ಮುಚ್ಚಿದ ಗ್ರಾನೈಟ್ ಶೆಡ್ಡಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ನೆನಪಿದೆಯಾ? ಆ ವಾರ ತನಗೆ ಆದದ್ದನ್ನು ತನ್ನ ಮನೆಮಾತಿನಲ್ಲೇ ರ‍್ಯಾಪ್ ಮಾಡಬೇಕು, ನಡುವೆ ತೆಲುಗು ಬಂದರೂ ಸರಿ, ತಮಿಳು ಬಂದರೂ ಸರಿ. ಅದೊಂದೇ ನಮ್ಮ ಕಟ್ಟುಪಾಡು. ಆವುಲಪ್ಪ ಅಂಚೆಟ್ಟಿಯ ಕಡೇ ಬಸ್ಸು ತಪ್ಪಿಸಿಕೊಂಡು ಕಾಡುದಾರಿಯಲ್ಲಿ ನಡೆದದ್ದನ್ನು ಹಾಡಿದರೆ ಕೇಳಿದವರಿಗೆ ಕಾಲು ನೋಯುತ್ತಿತ್ತು. ಮುನಿರತ್ನ ಗುಲಾಬಿ ತೋಟದ ಕೂಲಿಯನ್ನು ಹಾಡುತ್ತಿದ್ದಳು. ನಾನು ಫ್ಯಾಕ್ಟರಿ ಬಸ್ಸಿನದು:

ಐದಕ್ಕೇ ಎದ್ಬುಟ್ಟು ಬಸ್ಸಿಗೆ ನಿಂತೀನಿ
ಸೀಟಿಲ್ಲ, ನಿದ್ದೇನ ನಿಂತಲ್ಲೇ ತಿಂತೀನಿ

ಈಗ ಅದನ್ನು ಯಾರೂ ಕೇಳುವುದಿಲ್ಲ ಅಕ್ಕ. ನಮ್ಮ ವಿಡಿಯೊ ಹಾಕಿದರೆ ಇನ್ನೂರು ಜನ ನೋಡುತ್ತಾರೆ, ಅದರಲ್ಲಿ ನಲವತ್ತು ಸಲ ನಾನೇ.

ರಮೇಶ್ ಅಂತ ಒಬ್ಬ ಪರಿಚಯವಾಗಿದ್ದಾನೆ, ಹೊಸೂರಿನಲ್ಲಿ ಮದುವೆ ವಿಡಿಯೊ ತೆಗೆಯುವವನು. ನನ್ನ ಚಾನೆಲ್ಲನ್ನು ಅವನೇ ನೋಡಿಕೊಳ್ಳುತ್ತಾನಂತೆ. "ಜಗ್ಳ ಇಲ್ದಿದ್ರೆ ಯಾವನೂ ಕೇಳಕಿಲ್ಲ ಕಣ್ಲಾ. ಬಾಂಬೆ ನೋಡು, ಮದ್ರಾಸ್ ನೋಡು, ಎಲ್ಲಾ ಒಬ್ಬರಿಗೊಬ್ರು ಬೈಕೊಂಡೇ ಮ್ಯಾಲಕ್ಕೆ ಬಂದವ್ರೆ" ಅಂದ. ಯಾರ ಜತೆ ಜಗಳವಾಡಲಿ ಅಂದೆ. ಹೊಸೂರಿಗೆ ಕೃಷ್ಣಗಿರಿಯೇ ಸರಿ ಅಂದ. ಕೃಷ್ಣಗಿರಿಯಲ್ಲಿ ಕನ್ನಡದಲ್ಲಿ ಹಾಡುವವಳು ನೀನೊಬ್ಬಳೇ.

ಸುಳ್ಳು ಜಗಳ. ನೀನು ನನ್ನನ್ನು ಬೈ, ನಾನು ನಿನ್ನನ್ನು ಬೈಯುತ್ತೇನೆ. ಅಕ್ಕ ತಂಗಿಯರ ಮಕ್ಕಳಾದ ನಾವು ಅಕ್ಕ ತಮ್ಮ ಅನ್ನುವುದು ಮಾತ್ರ ಹೊರಗೆ ಗೊತ್ತಾಗಬಾರದು. ಬೇರೆ ಊರಿನ ಇಬ್ಬರು ಹೀಗೇ ಮಾಡಿ, ಅವರ ಫೋನಿನ ಮಾತುಕತೆ ಹೊರಗೆ ಬಂದು ಮಾನ ಹೋಯಿತಂತೆ. ಅದಕ್ಕೇ ಈ ಕಾಗದ. ನನ್ನ ಫೋನು ಹೇಗೂ ಅರ್ಧ ದಿನ ರಮೇಶನ ಕೈಯಲ್ಲೇ ಇರುತ್ತದೆ. ಹೀಗೆ ಬೈದಾಡುವುದೇನು ಹೊಸದಾ ಅಕ್ಕ? ನಮ್ಮಜ್ಜಿ ಜೀವಮಾನವೆಲ್ಲ ಮದುವೆ ಮನೆಗಳಲ್ಲಿ ಬೀಗರ ಹಾಡು ಹಾಡಿ ಬೈದವಳೇ ಅಲ್ಲವಾ!

ನಿನ್ನ ತಮ್ಮ,
ಕುಮಾರೇಶ್


ಕೃಷ್ಣಗಿರಿ
17 ಫೆಬ್ರವರಿ 2025

ಮಹಾರಾಜಶ್ರೀ ಕುಮಾರೇಶನಿಗೆ,

ನಿನ್ನ ಅಕ್ಷರ ಇನ್ನೂ ಏಳನೇ ಕ್ಲಾಸಿನಲ್ಲೇ ಇದೆ. ಎರಡು ಸಲ ಓದಿದ ಮೇಲೆ ಅರ್ಥವಾಯಿತು, ಮೂರನೇ ಸಲಕ್ಕೆ ನಗು ಬಂತು.

ಸರಿ, ಒಪ್ಪಿದೆ. ಬುದ್ಧಿಯಿಲ್ಲದೆ ಒಪ್ಪಿದೆ ಅಂತ ತಿಳಿಯಬೇಡ. ಇಲ್ಲಿ ಮಾವಿನ ರಸದ ಫ್ಯಾಕ್ಟರಿಯ ಲ್ಯಾಬಿನಲ್ಲಿ ದಿನವೆಲ್ಲ ಸೀಸೆಗೆ ಚೀಟಿ ಅಂಟಿಸಿ ಸಾಕಾಗಿದೆ. ನಮ್ಮ ಕೂಟ ಹೀಗೆ ಸದ್ದಿಲ್ಲದೆ ಸಾಯುವುದು ನನಗೂ ಇಷ್ಟವಿಲ್ಲ. ಬೈಯುವುದರಲ್ಲಿ ನಾನು ನಿನಗಿಂತ ಮುಂದೆ ಅನ್ನುವುದು ಊರಿಗೇ ಗೊತ್ತು.

ನನ್ನಮ್ಮನ ಮದುವೆಯಲ್ಲಿ ಅಜ್ಜಿ ಹಾಡಿದ್ದನ್ನು ದೊಡ್ಡವರು ಈಗಲೂ ಹೇಳುತ್ತಾರಲ್ಲ. ಗಂಡಿನ ಅಪ್ಪನ ಹೊಟ್ಟೆಯನ್ನು ರಾಗಿ ತುಂಬಿಡುವ ವಾಡೆಗೆ ಹೋಲಿಸಿ ಹಾಡಿದಳಂತೆ, ಅವರು ನಕ್ಕೂ ನಕ್ಕೂ ಮಜ್ಜಿಗೆ ಮೂಗಿಗೇರಿ ಕೆಮ್ಮಿದರಂತೆ. ಹಾಗೆ ಬೈಯೋಣ. ಆದರೆ ಹೆತ್ತವರ ಸುದ್ದಿ ಬೇಡ, ಹೆಣ್ಣು ಅಂತ ಹಂಗಿಸುವುದು ಬೇಡ. ನನ್ನ ಮೊದಲ ಹಾಡು ಆಗಲೇ ಆಗಿದೆ, ಕೇಳು:

ಇಸ್ಕೊಂಡ ಶೂನಾಗೆ ಇಳಿದವ್ನೆ ನಮ್ಮ ರಾಜ
ಹೆಜ್ಜೆ ಮುಂದಕ್ಕಿಟ್ರೆ ಹಿಂದುಳೀತೈತೆ ಮೋಜಾ

ರೂಮಿನ ಗೆಳತಿ ಚಂದ್ರಲೇಖಾ ಈ ಕಾಲುಚೀಲದ ಸಾಲು ಕೇಳಿ ಮಂಚದಿಂದ ಬಿದ್ದಳು. ಮನೆ ಓನರ್ ಶ್ಯಾಮಲಮ್ಮ ಕೆಳಗಿನಿಂದ "ಏನಮ್ಮಾ ಬಿತ್ತು?" ಅಂತ ಕೂಗಿದರು. ನೀನು ಮಂಚ ಸಾಗಿಸಿಕೊಟ್ಟ ಮೇಲೆ ಈ ಮನೆಗೆ ಬರಲೇ ಇಲ್ಲ. ಇನ್ನು ಬರುವ ಹಾಗೂ ಇಲ್ಲ, ಶತ್ರು ತಾನೆ!

ನಿನ್ನ ಅಕ್ಕ,
ವನಿತಾ


ತೊರಪಲ್ಲಿ ಅಗ್ರಹಾರ
23 ಮಾರ್ಚ್ 2025

ಅಕ್ಕ,

ನಿನ್ನ ಶೂ ಹಾಡನ್ನು ನಲವತ್ತು ಸಾವಿರ ಜನ ನೋಡಿದ್ದಾರೆ! ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ನನ್ನ ಕಾಲು ನೋಡಿ ನಗುತ್ತಾರೆ. ಅವಮಾನವೂ ಆಯಿತು, ಖುಷಿಯೂ ಆಯಿತು.

ಈಗ ನನ್ನ ಸರದಿ. ಎತ್ತಿನಗಾಡಿ ಲಯದಲ್ಲಿ ನಿನ್ನ ಮಾವಿನ ಫ್ಯಾಕ್ಟರಿಯನ್ನು ಆಡಿಕೊಂಡು ಒಂದು ಹಾಡು ಕಟ್ಟಿದ್ದೆ. ರಮೇಶ್ ಅರ್ಧಕ್ಕೇ ನಿಲ್ಲಿಸಿದ. "ಏನ್ಲಾ ಇದು, ನಾಟಕದ ಕಂಪನಿ ಥರ? ಈಗ ಓಡ್ತಾ ಇರೋದು ಮುಸುಕು. ಮಚ್ಚು. ಏರಿಯಾ" ಅಂದು ಹೊರಗಿನ ನಾಲ್ಕೈದು ವಿಡಿಯೊ ತೋರಿಸಿದ. ಎಲ್ಲರೂ ಕಣ್ಣು ಮಾತ್ರ ಕಾಣುವ ಕಪ್ಪು ಮುಸುಕು ಹಾಕಿದ್ದಾರೆ, ಎಲ್ಲರ ಹಿಂದೆಯೂ ಅದೇ ಬೀಟ್, ಮಾತೂ ಹೆಚ್ಚುಕಮ್ಮಿ ಒಂದೇ. ಒಂದು ತಮಿಳು ಹಾಡನ್ನು ಎದುರಿಗಿಟ್ಟು ಅದರ ಸಾಲನ್ನೇ ಕನ್ನಡ ಮಾಡು ಅಂದ. ಅದೂ ನಮ್ಮ ಕನ್ನಡ ಬೇಡವಂತೆ, ಹಳ್ಳಿ ಗಮಾರ ಅಂತಾರಂತೆ. ಬೆಂಗಳೂರು ಹುಡುಗರ ಹಾಗೆ ಹೇಳಬೇಕು. ನನ್ನ ಹೆಸರೂ ಈಗ ಕಿಂಗ್ ಕೆ. ಧ್ವನಿಯನ್ನು ಕಂಪ್ಯೂಟರಿನಲ್ಲಿ ದಪ್ಪ ಮಾಡಿದ್ದಾನೆ, ನನಗೇ ಗುರುತು ಸಿಗಲಿಲ್ಲ.

ಹೆತ್ತವರಿಲ್ಲ, ಒಡಹುಟ್ಟಿದವರಿಲ್ಲ, ಬೀದಿಯಲ್ಲೇ ಬೆಳೆದೆ ಅಂತ ಶುರುವಾಗುತ್ತದೆ. ಅಮ್ಮ ಒಳಗೆ ನನಗೇ ಮೊಟ್ಟೆ ಬೇಯಿಸುತ್ತಿದ್ದಾಗ ಅದನ್ನು ಅಭ್ಯಾಸ ಮಾಡುತ್ತಿದ್ದೆ. ಅಜ್ಜಿ ಜಗಲಿಯಿಂದ ಕೇಳಿ, "ಯಾರ್ನ ಬಯ್ತಿದ್ದೀಯಾ ಮಗ? ಬೀಗರೆಲ್ಲವ್ರೆ?" ಅಂದಳು. ಅವರು ಇಲ್ಲಿ ಇಲ್ಲ ಅಜ್ಜಿ, ಅಂದೆ. "ಎದ್ರುಗಿಲ್ದೋರ್ನ ಬಯ್ಯಾದು ಹಾಡಲ್ಲ, ಚಾಡಿ" ಅಂದು ಎದ್ದು ಹೋದಳು.

ಇನ್ನೊಂದು ವಿಷಯ. ಬೀದಿ ಹೆಸರು ಹಾಕದಿದ್ದರೆ ಹಾಡು ಸಪ್ಪೆಯಂತೆ, ಎಲ್ಲರೂ ಹಾಕುತ್ತಾರಂತೆ. ಅದಕ್ಕೇ ಎರಡು ಸಾಲು ಸೇರಿಸಿದ್ದೇನೆ:

ಸಂತೆ ಬೀದಿ, ನೀಲಿ ಗೇಟು, ಮುಗಿಯಿತು ನಿನ್ನ ಆಟ
ಮುಖವಿಲ್ಲದ ಐದು ಜನ, ಕೈಲಿ ಮಚ್ಚಿನ ಪಾಠ

ಮಚ್ಚು ಎಳನೀರು ಚಿನ್ನಪ್ಪನದು. ಎರಡು ಗಂಟೆಯ ಮಟ್ಟಿಗೆ ಅಂತ ಇಸಿದುಕೊಂಡು ಬಂದೆವು, ವಿಡಿಯೊ ಮುಗಿಯುವವರೆಗೂ ಪಾಪ ಅವನು ವ್ಯಾಪಾರ ಬಿಟ್ಟು ಕಾದು ಕೂತಿದ್ದ. ಶುಕ್ರವಾರ ಬಿಡುಗಡೆ. ಬೇಜಾರು ಮಾಡಿಕೊಳ್ಳಬೇಡ, ಎಲ್ಲ ಆಟ.

ಕುಮಾರೇಶ್


ಕೃಷ್ಣಗಿರಿ
14 ಏಪ್ರಿಲ್ 2025

ಕುಮಾರ,

ಆ ಹಾಡನ್ನು ತೆಗೆ. ಮೊದಲು ಅದನ್ನು ತೆಗೆದು ಆಮೇಲೆ ಈ ಕಾಗದ ಓದು.

ನಿನ್ನ ಕಾಗದ ನನ್ನ ಕೈಸೇರುವ ಹೊತ್ತಿಗೆ ಹಾಡು ಹೊರಗೆ ಬಂದಾಗಿತ್ತು. ನೀನು ಬರೆದದ್ದು ಆಟವೆಂದು ನನಗೆ ಗೊತ್ತು. ನೋಡಿದ ಮೂರು ಲಕ್ಷ ಜನಕ್ಕೆ ಯಾರು ಹೇಳುತ್ತಾರೆ? ಸಂತೆ ಬೀದಿಯಲ್ಲಿ ನೀಲಿ ಗೇಟು ಇರುವುದು ಒಂದೇ ಮನೆಗೆ.

ಮೊದಲು ಗೋಡೆಯ ಮೇಲೆ ಮಸಿಯಲ್ಲಿ ದೊಡ್ಡದಾಗಿ ಇಂಗ್ಲಿಷಿನ ಕೆ ಬರೆದು ಹೋದರು. ಶ್ಯಾಮಲಮ್ಮ ಯಾವುದೋ ಎಲೆಕ್ಷನ್ ಪಾರ್ಟಿಯವರೆಂದುಕೊಂಡು ಸುಣ್ಣ ಬಳಿಸಿದರು. ಆಮೇಲೆ ನನ್ನ ನಂಬರ್ ಯಾರೋ ಹಂಚಿದರು. ಒಂದು ದಿನಕ್ಕೆ ನೂರಾರು ಫೋನು. ಮಾತಾಡುವುದಿಲ್ಲ, ನಿನ್ನ ಆ ಎರಡು ಸಾಲು ಹೇಳಿ ಇಟ್ಟುಬಿಡುತ್ತಾರೆ. ಸಿಮ್ ತೆಗೆದು ಡಬ್ಬಿಗೆ ಹಾಕಿದ್ದೇನೆ.

ಮೊನ್ನೆ ಸಂಜೆ ಐದು ಗಂಟೆಗೆ ಕೆಲಸದಿಂದ ಬಂದು ಮುಖ ತೊಳೆಯುತ್ತಿದ್ದೆ. ಸೈಲೆನ್ಸರ್ ತೆಗೆದ ಬೈಕುಗಳು ಬಂದು ನಿಂತವು. ಮೇಲಿನ ಕಿಟಕಿಯಿಂದ ನೋಡಿದೆ. ಕಪ್ಪು ಮುಸುಕು. ಎಣಿಸಿದೆ, ಐದು ಜನ. ನಿನ್ನ ಹಾಡಿನಲ್ಲಿ ಐದು ಅಂತ ಇದೆಯಲ್ಲ, ಸರಿಯಾಗಿ ಐದೇ ಜನ ಬಂದಿದ್ದಾರೆ. ಗೇಟಿನ ತಗಡನ್ನು ಕೈಯಿಂದ ಬಡಿದರು. ಸುಮ್ಮನೆ ಬಡಿಯಲಿಲ್ಲ ಕುಮಾರ, ನಿನ್ನ ಹಾಡಿನ ಬೀಟಿನಲ್ಲೇ ಬಡಿದರು. ಒಬ್ಬನು ವಿಡಿಯೊ ಮಾಡಿಕೊಂಡ. ಹೋದರು. ನಾನು ಸೋಪು ಮೆತ್ತಿದ ಮುಖದಲ್ಲೇ ಬಹಳ ಹೊತ್ತು ಕೂತಿದ್ದೆ, ಕಣ್ಣು ಉರಿಯುತ್ತಿದ್ದದ್ದೂ ತಿಳಿಯಲಿಲ್ಲ.

ಅವರಲ್ಲಿ ಒಬ್ಬನು ನಿನ್ನಷ್ಟೇ ಎತ್ತರವಿದ್ದ. ನೀನೇ ಇರಬಹುದಾ ಅಂತ ಒಂದು ಗಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನಗೆ ಅಳು ಬಂತು.

ತೆಗೆದುಬಿಡು.

ವನಿತಾ


ತೊರಪಲ್ಲಿ ಅಗ್ರಹಾರ
23 ಏಪ್ರಿಲ್ 2025

ಅಕ್ಕ,

ನೀನು ಸುಮ್ಮನೆ ಹೆದರುತ್ತೀಯ. ಹುಡುಗರು ತಮಾಷೆಗೆ ಮಾಡುತ್ತಾರೆ. ಹೊಸೂರಿನಲ್ಲೂ ಈಗ ಎಲ್ಲಿ ನೋಡಿದರೂ ಮುಸುಕು, ಸ್ಕೂಲ್ ಹುಡುಗರೂ ಹಾಕುತ್ತಾರೆ. ಮುಸುಕು ಹಾಕಿದವರೆಲ್ಲ ಕೆಟ್ಟವರಾ?

ತೆಗೆ ಅಂದೆಯಲ್ಲ, ಕೇಳಿದೆ. ಚಾನೆಲ್ಲಿನ ಪಾಸ್‌ವರ್ಡ್ ರಮೇಶನ ಹತ್ತಿರ ಇದೆ. "ಹುಚ್ಚು ಹಿಡಿದೈತಾ ನಿಂಗೆ? ಐದು ಲಕ್ಷ ಆಗೈತೆ, ತೆಗಿ ಅಂತೀಯಲ್ಲ" ಅಂದ. ನಾನೂ ಜಾಸ್ತಿ ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕಾ? ಐದು ಲಕ್ಷ ಅಂದಾಗ ನನ್ನ ಎದೆ ಉಬ್ಬಿತು. ಮೂರು ವರ್ಷ ಬಸ್ಸು, ಬಿಸಿಲು ಅಂತ ಹಾಡಿದರೆ ನಾಯಿಯೂ ತಿರುಗಿ ನೋಡಲಿಲ್ಲ.

ನೀನು ಇನ್ನೊಂದು ಹಾಡು ಹಾಕಿ ನನ್ನನ್ನು ಚೆನ್ನಾಗಿ ಬೈದುಬಿಟ್ಟರೆ ಸಮಸಮ ಆಗುತ್ತದೆ, ಅವರೂ ತಣ್ಣಗಾಗುತ್ತಾರೆ ಅಂತಾನೆ ರಮೇಶ್. ಯೋಚನೆ ಮಾಡು. ಅಷ್ಟು ಭಯವಾದರೆ ನಾಲ್ಕು ದಿನ ಊರಿಗೆ ಬಾ.

ಕುಮಾರೇಶ್


ಕೃಷ್ಣಗಿರಿ
6 ಮೇ 2025

ಕುಮಾರೇಶನಿಗೆ,

ಊರಿಗೆ ಬಾ ಅಂತೀಯ. ಬಸ್ಸಿನ ಹಿಂದೆ ಅವರೂ ಬಂದರೆ? ಅಜ್ಜಿ ಒಬ್ಬಳೇ ಜಗಲಿಯಲ್ಲಿ ಕೂತಿರುವ ಮನೆ ಅವರಿಗೂ ಗೊತ್ತಾಗಬೇಕಾ? ಮಾವಿನ ಕಾಲ ಬೇರೆ, ಫ್ಯಾಕ್ಟರಿಯಲ್ಲಿ ರಜೆ ಇಲ್ಲ.

ಅವರು ಆಮೇಲೆ ನಾಲ್ಕು ಸಲ ಬಂದರು. ಮೂರನೇ ಸಲ ಒಬ್ಬನ ಕೈಯಲ್ಲಿ ಮಚ್ಚಿತ್ತು. ಅದರಿಂದ ಗೇಟಿನ ಮೇಲೆ ಗೀರಿದ. ಆ ಸದ್ದು ನನ್ನ ಹಲ್ಲಿನೊಳಗೆ ಕೂತಿದೆ, ಊಟ ಮಾಡುವಾಗಲೂ ಕೇಳಿಸುತ್ತದೆ. ಚಂದ್ರಲೇಖಾ ಅವತ್ತೇ ಪೆಟ್ಟಿಗೆ ಕಟ್ಟಿಕೊಂಡು ಅವಳ ಅಣ್ಣನ ಮನೆಗೆ ಹೋದಳು. ಹೋಗುವಾಗ ನನ್ನ ಮುಖ ನೋಡಲಿಲ್ಲ. ನಾನು ಈಗ ಕಿಟಕಿಗೆ ರಟ್ಟು ಅಂಟಿಸಿಕೊಂಡು ಕೂರುತ್ತೇನೆ. ಫ್ಯಾಕ್ಟರಿ ವ್ಯಾನು ಹಾರ್ನ್ ಹೊಡೆದ ಮೇಲೆ ಇಳಿದು ಓಡಿಹೋಗಿ ಹತ್ತುತ್ತೇನೆ.

ನಿನ್ನೆ ಪೊಲೀಸ್ ಠಾಣೆಗೆ ಹೋಗಿದ್ದೆ. ಕಂಪ್ಲೇಂಟ್ ತಮಿಳಿನಲ್ಲಿ ಬರೆಯಬೇಕು. ಅಲ್ಲಿ ಮುರುಗೇಶ್ ಅಂತ ಒಬ್ಬ ಹೆಡ್ ಕಾನ್‌ಸ್ಟೇಬಲ್, ಇಲ್ಲಿಯವರ ಬಾಯಲ್ಲಿ ಏಟು, ವಯಸ್ಸಾದವರು, ಒಳ್ಳೆಯವರು, ಕನ್ನಡ ಸ್ವಲ್ಪ ಬರುತ್ತದೆ. ಹಾಡಿನಲ್ಲಿ ಏನಿದೆ, ಒಂದೊಂದು ಸಾಲೂ ತಮಿಳಿನಲ್ಲಿ ಹೇಳಮ್ಮ ಅಂದರು. ನಿನ್ನ ಸಾಲುಗಳನ್ನು ನಾನು ಕೂತು ತಮಿಳು ಮಾಡಿದೆ ಕುಮಾರ. ನನ್ನನ್ನು ಹೇಗೆ ಕತ್ತರಿಸುತ್ತಾರೆ, ಎಲ್ಲಿ ಬಿಸಾಡುತ್ತಾರೆ ಅಂತ ನಾನೇ ಪದ ಹುಡುಕಿ ಹೇಳಿದೆ. ಅವರು ಅರ್ಧಕ್ಕೆ ಪೆನ್ನು ನಿಲ್ಲಿಸಿ, "ಇದು ನಮ್ ಮಗ ಮನೇಲಿ ದಿನಾ ಹಾಕೋ ತಮಿಳು ಪಾಟ್ಟು ಅಲ್ವಾಮ್ಮಾ?" ಅಂದರು. ನಿನ್ನ ಕನ್ನಡವನ್ನು ತಮಿಳು ಮಾಡಿದ ಕೂಡಲೇ ಅದು ಹಳೇ ತಮಿಳು ಹಾಡೇ ಆಗಿಹೋಯಿತು. ನಿನ್ನದು ಅಂತ ಅದರಲ್ಲಿ ಇದ್ದದ್ದು ಒಂದೇ, ನನ್ನ ಮನೆಯ ಗುರುತು.

"ಹಾಡಿದೋನು ಯಾರು, ಗೊತ್ತಾ?" ಅಂದರು. ಗೊತ್ತಿಲ್ಲ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. "ಅವನ ಹೆಸರು ಬೇಕಮ್ಮ. ಅಲ್ಲಿಂದ ಹಿಡಿದ್ರೆ ಉಳಿದೋರು ಸಿಗ್ತಾರೆ." ಗೊತ್ತಿಲ್ಲ ಸಾರ್ ಅಂದು ಎದ್ದು ಬಂದೆ. ನಿನ್ನಮ್ಮ, ನನ್ನ ಚಿಕ್ಕಮ್ಮನ ಮುಖ ಕಣ್ಣಿಗೆ ಬಂತು. ನಿನ್ನನ್ನು ಜೈಲಿಗೆ ಕಳಿಸಿ ನಾನು ಅವಳ ಮನೆಯ ಹೊಸ್ತಿಲು ಹೇಗೆ ತುಳಿಯಲಿ?

ಅಜ್ಜಿ ಬೈದರೆ ಬೀಗರು ಯಾಕೆ ನಗುತ್ತಿದ್ದರು ಅಂತ ದಾರಿಯಲ್ಲಿ ಯೋಚಿಸಿದೆ. ಇವಳು ಇಂಥವರ ತಾಯಿ, ಇವರು ಇಂಥವರ ಮಾವ ಅಂತ ಪಂಕ್ತಿಯಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ನಾವು ಅದೊಂದನ್ನೇ ಮುಚ್ಚಿಟ್ಟು ಬೈದೆವು. ಈ ತಪ್ಪು ನಿನ್ನದಷ್ಟೇ ಅಲ್ಲ, ನನ್ನದೂ ಹೌದು. ಆದರೆ ಗೇಟು ಇರುವುದು ನನ್ನ ಮನೆಗೆ.

ವನಿತಾ


ಕೃಷ್ಣಗಿರಿ
15 ಮೇ 2025

ಕುಮಾರ,

ಯಾಕೆ ಉತ್ತರವಿಲ್ಲ?

ಇವತ್ತು ಗೇಟಿಗೆ ಕಾಗದ ಅಂಟಿಸಿ ಹೋಗಿದ್ದಾರೆ. 25ನೇ ತಾರೀಕು ಭಾನುವಾರ ನಾಲ್ಕು ಗಂಟೆಗೆ ಲೈವ್ ಅಂತೆ. "ಕಿಂಗ್ ಕೆ ಹೇಳಿದ್ದನ್ನು ನಾವು ಮಾಡಿ ತೋರಿಸುತ್ತೇವೆ" ಅಂತ ಬರೆದಿದ್ದಾರೆ. ಶ್ಯಾಮಲಮ್ಮ ಓದಿಸಿಕೊಂಡು, ತಿಂಗಳ ಕೊನೆಗೆ ಮನೆ ಖಾಲಿ ಮಾಡಮ್ಮ ಅಂದರು. ಅವರನ್ನು ತಪ್ಪೆನ್ನಲಾರೆ.

ನನಗೆ ಬಹಳ ಭಯವಾಗುತ್ತಿದೆ ಕಣೋ.

ವನಿತಾ


ತೊರಪಲ್ಲಿ ಅಗ್ರಹಾರ
20 ಮೇ 2025

ಅಕ್ಕ,

ನಿನ್ನ ಎರಡು ಕಾಗದವೂ ಒಟ್ಟಿಗೆ ಎದುರಿಗಿವೆ. ಮೊದಲನೆಯದಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ, ಆಗಲಿಲ್ಲ. ಗೊತ್ತಿಲ್ಲ ಸಾರ್ ಅಂದೆಯಲ್ಲ, ಆ ಜಾಗಕ್ಕೆ ಬಂದರೆ ಮುಂದೆ ಓದಲಾಗುವುದಿಲ್ಲ.

ರಮೇಶನ ಕಾಲು ಹಿಡಿದೆ. ಅವನು ನನ್ನ ನಂಬರನ್ನೇ ಬ್ಲಾಕ್ ಮಾಡಿದ್ದಾನೆ. ಹೊಸ ಕಿಂಗ್ ಸಿಕ್ಕಿದ್ದಾನೆ ಅವನಿಗೆ, ಆವುಲಪ್ಪ. ನಮ್ಮ ಆವುಲಪ್ಪನೇ ಅಕ್ಕ, ಮುಸುಕು ಹಾಕಿಕೊಂಡು ಬೆಂಗಳೂರು ಮಾತಾಡುತ್ತಾನೆ. ಅವನ ಹಾಡಿನಲ್ಲಿ ನನ್ನನ್ನು ಬೈದಿದ್ದಾನೆ, ಅದೂ ನನ್ನದೇ ಸಾಲು ತಿರುಗಿಸಿ. ಅವನ ಹಾಡನ್ನು ಯಾರೂ ನೋಡುತ್ತಿಲ್ಲ, ಅಂಥವು ಈಗ ಊರಿಗೆ ಹತ್ತರಂತೆ ಇವೆ. ಬೇಸತ್ತ ಜನ ನಮ್ಮ ಕಡೆಯ ಹಾಡನ್ನೇ ಕೇಳುವುದು ಬಿಟ್ಟಿದ್ದಾರೆ. ಭಾನುವಾರ ಶೆಡ್ಡಿಗೆ ಹೋದೆ. ಮುನಿರತ್ನ ಒಬ್ಬಳೇ ಬಂದಿದ್ದಳು. "ಇನ್ನು ಬರಕಿಲ್ಲ ಕಣಣ್ಣ. ಮನೇಲಿ ರ‍್ಯಾಪ್ ಅಂದ್ರೆ ಮಚ್ಚು ಅಂದ್ಕೊಂಡವ್ರೆ, ಹೊರಗೇ ಬಿಡಾಕಿಲ್ಲ" ಅಂದಳು. ಬೀಗ ಹಾಕಿ ಬಂದೆ.

ಹೊಸ ಅಕೌಂಟಿನಲ್ಲಿ ಮುಸುಕಿಲ್ಲದೆ ನಿಂತು, ಅವಳು ನಮ್ಮಕ್ಕ, ಎಲ್ಲ ಸುಳ್ಳು ಜಗಳ ಅಂತ ಹೇಳಿ ವಿಡಿಯೊ ಹಾಕಿದೆ. ನೂರಾಹತ್ತು ಜನ ನೋಡಿದರು. ಕೆಳಗೆ ಬರೆದಿದ್ದಾರೆ, ಯಾವನೋ ಕಿಂಗ್ ಕೆ ಹೆಸರಿನಲ್ಲಿ ಪ್ರಚಾರ ಗಿಟ್ಟಿಸುತ್ತಿದ್ದಾನೆ ಅಂತ.

ಭಾನುವಾರ ನಾನೇ ಬರುತ್ತೇನೆ. ನಾಲ್ಕಕ್ಕೆ ಮುಂಚೆ ಗೇಟಿನ ಎದುರಿಗೆ ನಿಂತಿರುತ್ತೇನೆ. ನನ್ನ ಮಾತು ಕೇಳುತ್ತಾರೆ, ನನ್ನ ಅಭಿಮಾನಿಗಳು ತಾನೆ. ಏನೇ ಆದರೂ ನೀನು ಹೊರಗೆ ಬರಬೇಡ.

ಭಯ ನನಗೂ ಇದೆ.

ನಿನ್ನ ತಮ್ಮ,
ಕುಮಾರೇಶ್


ಸರ್ಕಾರಿ ಆಸ್ಪತ್ರೆ, ಕೃಷ್ಣಗಿರಿ
29 ಮೇ 2025

ಅಕ್ಕ,

ದವಡೆಗೆ ತಂತಿ ಕಟ್ಟಿದ್ದಾರೆ, ಆರು ವಾರ ಬಾಯಿ ತೆರೆಯುವ ಹಾಗಿಲ್ಲ. ನಿನ್ನೆ ನೀನು ಬಂದು ಮಂಚದ ಹತ್ತಿರ ನಿಂತಾಗ ಕೇಳಬೇಕೆಂದಿದ್ದನ್ನು ಅದಕ್ಕೇ ಬರೆಯುತ್ತಿದ್ದೇನೆ. ಕೇಳುವ ಮುಂಚೆ ನಡೆದದ್ದನ್ನು ಹೇಳುತ್ತೇನೆ, ನೀನು ಒಳಗಿದ್ದೆ.

ಮೂರೂವರೆಗೇ ಬಂದು ನಿಂತೆ. ಬಿಸಿಲಿಗೆ ಬೀದಿಯಲ್ಲಿ ಯಾರೂ ಇರಲಿಲ್ಲ. ಅವರು ಬಂದರು. ಹತ್ತಿರದಿಂದ ನೋಡಿದರೆ ಹದಿನೆಂಟು, ಹತ್ತೊಂಬತ್ತರ ಹುಡುಗರು. ಒಬ್ಬನ ಕೈಯಲ್ಲಿ ಫೋನು, ಒಬ್ಬನ ಕೈಯಲ್ಲಿ ಮಚ್ಚು. "ಯಾರ್ಲಾ ನೀನು, ಜರುಗು" ಅಂದರು.

"ನಾನೇ ಕಣ್ರಲಾ ಕಿಂಗ್ ಕೆ. ಇವ್ಳು ನಮ್ಮಕ್ಕ. ಮನೀಗ್ ಹೋಗ್ರಿ" ಅಂದೆ.

ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು. ಫೋನು ಹಿಡಿದವನು, "ಕಿಂಗ್ ಕೆ ಹಿಂಗ್ ಮಾತಾಡಲ್ಲ ಮಗಾ. ಅವನ್ಗೆ ಅಕ್ಕ ಇಲ್ಲ, ಯಾರೂ ಇಲ್ಲ, ಹಾಡಲ್ಲೇ ಹೇಳವ್ನೆ" ಅಂದ. ಇನ್ನೊಬ್ಬ, ನೀನೇ ಆದರೆ ಹಾಡು ನೋಡೋಣ ಅಂದ. ಹಾಡಿದೆ ಅಕ್ಕ. ಬೀಟ್ ಇಲ್ಲ, ಕಂಪ್ಯೂಟರ್ ಇಲ್ಲ, ಹೆದರಿಕೆಗೆ ಉಸಿರು ಸಾಲದು. ನೀಲಿ ಗೇಟು ಅನ್ನುವಷ್ಟರಲ್ಲಿ ಧ್ವನಿ ಒಡೆಯಿತು. ಲೈವ್ ನೋಡುತ್ತಿದ್ದವರೆಲ್ಲ ನಗುತ್ತಿದ್ದಾರೆ ಅಂತ ಅವನು ಓದಿ ಹೇಳಿದ. "ಕಾಪಿ ಹೊಡೆಯಾಕ್ ಬಂದವ್ನೆ ನನ್ಮಗ. ಅವನ ಕಾಲಿನ ಧೂಳ್ಗೂ ಸಮ ಇಲ್ಲ" ಅಂದು ಮೊದಲ ಏಟು ಹಾಕಿದ. ನನ್ನ ಮೇಲಿನ ಪ್ರೀತಿಗೇ ನನ್ನನ್ನು ಹೊಡೆದರು. ಮಚ್ಚಿನ ಹಿಂಬದಿಯಿಂದ ದವಡೆಗೆ ಬಿತ್ತು. ತಿರುಗಿಸಿ ಹಿಡಿದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ದವಡೆ ಮುರಿಯುವ ಮುಂಚೆ ಗೇಟಿನ ಕಡೆ ತಿರುಗಿ ಎರಡು ಸಲ ಕೂಗಿದೆ. ಅಕ್ಕಾ, ನಾನು ಕುಮಾರ, ಬಾಗಿಲು ತೆಗಿ ಅಂತ. ಹೊರಗೆ ಬರಬೇಡ ಅಂತ ಬರೆದವನು ನಾನೇ, ನಿಜ. ಆ ಹೊತ್ತಿಗೆ ಅದೆಲ್ಲ ಮರೆತುಹೋಯಿತು.

ಕೇಳಿಸಿತಾ ಅಕ್ಕ?

ಕುಮಾರೇಶ್


ಕೃಷ್ಣಗಿರಿ
31 ಮೇ 2025

ಕುಮಾರ,

ಕೇಳಿಸಿತು.

ಎರಡು ಸಲವೂ ಕೇಳಿಸಿತು. ನಾನು ಮೇಲಿನ ರೂಮಿನಲ್ಲಿ ಇರಲಿಲ್ಲ, ಕೆಳಗೇ ಇದ್ದೆ, ಮುಂಬಾಗಿಲ ಚಿಲಕದ ಮೇಲೆ ಕೈ ಇಟ್ಟುಕೊಂಡು. ನಿನ್ನ ಧ್ವನಿಯೇ ಎಂದು ಗೊತ್ತಾಯಿತು. ಬೇರೆಯವರದು ಅಂದುಕೊಂಡೆ ಅಂತ ಸುಳ್ಳು ಹೇಳಬಹುದಿತ್ತು, ನಿನ್ನೆಯೆಲ್ಲ ಅದನ್ನೇ ಜೋಡಿಸುತ್ತಿದ್ದೆ. ಆದರೆ ಹಾಗಲ್ಲ. ನಿನ್ನದೆಂದು ಗೊತ್ತಿದ್ದೂ ಚಿಲಕ ತೆಗೆಯಲಿಲ್ಲ. ತೆಗೆದರೆ ನನ್ನ ಮೈಮೇಲೆ ಬೀಳುತ್ತಾರೆ ಅನ್ನುವ ಭಯ ಅಷ್ಟೇ ನನ್ನೊಳಗೆ ಇತ್ತು, ಬೇರೆ ಏನೂ ಇರಲಿಲ್ಲ. ಬೈಕುಗಳು ಹೋದ ಮೇಲೆ ಗೇಟು ತೆಗೆದವರು ಶ್ಯಾಮಲಮ್ಮ. ನಾನು ಅವರ ಬೆನ್ನ ಹಿಂದೆ ಬಂದೆ. ಇದನ್ನು ನಿನ್ನ ಮಂಚದ ಪಕ್ಕ ಚಿಕ್ಕಮ್ಮನ ಎದುರಿಗೆ ಹೇಳಲಾಗಲಿಲ್ಲ. ಬರೆದು ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ, ಅವಳಿಗೆ ಓದಲು ಬರುವುದಿಲ್ಲವಲ್ಲ.

ಇವತ್ತು ಬೆಳಗ್ಗೆ ಚಿಕ್ಕಮ್ಮನನ್ನು ಕರೆದುಕೊಂಡು ಠಾಣೆಗೆ ಹೋಗಿದ್ದೆ. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ. ಮುರುಗೇಶ್ ಸಾರ್ ನನ್ನ ಗುರುತು ಹಿಡಿದರು. ಈ ಸಲ ಎಲ್ಲವನ್ನೂ ಬರೆದೆ. ಸುಳ್ಳು ಜಗಳ, ಕಾಗದಗಳು, ರಮೇಶ, ಗೇಟು, ನಾನು ಮೊದಲು ಬಂದಾಗ ಹೇಳಿದ ಸುಳ್ಳು, ಎಲ್ಲ. ಹೊಡೆದವರ ಮುಖ ನೋಡಿದೆಯಾ ಅಂದರು, ಇಲ್ಲ ಅಂದೆ. ಧ್ವನಿ ಗುರುತಿದೆಯಾ ಅಂದರು. ಐದು ಜನದ್ದೂ ಒಂದೇ ಧ್ವನಿ ಸಾರ್ ಅಂದೆ.

ಅವರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದರು. ಮಾರಕಾಸ್ತ್ರ ತೋರಿಸಿ ಬೆದರಿಕೆ ಹಾಡು ಹಾಡಿದವನು: ಕುಮಾರೇಶ್, ವಯಸ್ಸು ಇಪ್ಪತ್ತೆರಡು, ತೊರಪಲ್ಲಿ ಅಗ್ರಹಾರ. ಇನ್ನೂ ಕೆಳಗೆ ಬಂದು, ಹಲ್ಲೆಗೊಳಗಾಗಿ ಗಾಯಗೊಂಡವನು: ಕುಮಾರೇಶ್, ವಯಸ್ಸು ಇಪ್ಪತ್ತೆರಡು, ತೊರಪಲ್ಲಿ ಅಗ್ರಹಾರ. ತಲೆ ಎತ್ತಿ, "ಗಾಬರೀಲಿ ಒಂದೇ ಹೆಸರು ಎರಡು ಕಡೆ ಬರೆದಿದ್ದೀಯಮ್ಮ. ಯಾವುದನ್ನ ಹೊಡೆದುಹಾಕ್ಲಿ?" ಅಂದರು.

ಬಾಗಿಲಿನಿಂದ ನೋಡಿದರೆ ಚಿಕ್ಕಮ್ಮ ಕಾಣುತ್ತಿದ್ದಳು. ನನ್ನ ಕೈಚೀಲವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದಳು.

"ಎರಡೂ ಇರಲಿ ಸಾರ್" ಅಂದೆ.

ಇನ್ನೂ ಹೆದರಿಕೆ ಹೋಗದ ನಿನ್ನ ಅಕ್ಕ,
ವನಿತಾ